ಹಗೇವಿನ ಆಳ: ಕಂಪೈಲರ್ ಬರೆಯುವ ಸ್ಟ್ಯಾಕ್ ಲೆಕ್ಕದ ಕಥೆ

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯ ಹಳ್ಳಿಗಳಿಗೆ ಹೋದಾಗ ವಯಸ್ಸಾದವರನ್ನು ‘ಹಗೇವು ಅಂದರೇನು?’ ಎಂದು ಕೇಳಿ ನೋಡಿ. ನೀರು ನಿಲ್ಲದ ಜಾಗ ನೋಡಿ ನೆಲದಲ್ಲಿ ತೋಡಿದ ಆಳವಾದ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಒಳಗೋಡೆಗೆ ಹುಲ್ಲು ಒತ್ತಿ, ಜೋಳ ಸುರಿದು, ಬಾಯಿಗೆ ಕಲ್ಲಿನ ಚಪ್ಪಡಿ ಇಟ್ಟು ಮಣ್ಣು ಮುಚ್ಚುತ್ತಿದ್ದರು. ವರ್ಷಗಳ ನಂತರ ತೆಗೆದರೂ ಕಾಳು ತಿನ್ನಲು ಬರುತ್ತಿತ್ತು. ಈ ವ್ಯವಸ್ಥೆಯಲ್ಲಿ ಒಂದು ಗುಣವನ್ನು ಗಮನಿಸಿ: ಕೊನೆಗೆ ಸುರಿದ ಕಾಳು ಮೊದಲು ಹೊರಗೆ ಬರುತ್ತದೆ. ಮೊದಲು ಸುರಿದದ್ದು ತಳದಲ್ಲಿ ಕುಳಿತು ಎಲ್ಲಕ್ಕಿಂತ ಕಡೆಗೆ ಬರುತ್ತದೆ.

ಗಣಕ ವಿಜ್ಞಾನದಲ್ಲಿ ‘ಸ್ಟ್ಯಾಕ್’ ಎಂದು ಕರೆಯುವ ವ್ಯವಸ್ಥೆಗೂ ಇದೇ ನಿಯಮ. ಪಠ್ಯಪುಸ್ತಕಗಳಲ್ಲಿ ಊಟದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ ಚಿತ್ರ ಕೊಡುವುದು ವಾಡಿಕೆ. ನನಗೆ ಹಗೇವಿನ ಹೋಲಿಕೆಯೇ ಹೆಚ್ಚು ಸರಿ ಎನಿಸುತ್ತದೆ. ಅದಕ್ಕೆ ಎರಡು ಕಾರಣ. ಬಹುತೇಕ ಪ್ರೊಸೆಸರ್‌ಗಳಲ್ಲಿ ಸ್ಟ್ಯಾಕ್ ಮೇಲಕ್ಕೆ ಬೆಳೆಯುವುದಿಲ್ಲ, ದೊಡ್ಡ ವಿಳಾಸದಿಂದ ಚಿಕ್ಕ ವಿಳಾಸದ ಕಡೆಗೆ, ಅಂದರೆ ಕೆಳಕ್ಕೆ ಇಳಿಯುತ್ತದೆ. ಎರಡನೆಯದಾಗಿ, ಸ್ಟ್ಯಾಕನ್ನು ಕಂಡುಹಿಡಿದವರ ಮನಸ್ಸಿನಲ್ಲೂ ಇದ್ದದ್ದು ನೆಲದಡಿಯ ಚಿತ್ರವೇ.

ಈ ಲೇಖನದಲ್ಲಿ ನಾವು ನೋಡಲಿರುವುದು ಒಂದು ಸಣ್ಣ ಪ್ರಶ್ನೆಯ ಇತಿಹಾಸ. ಒಂದು ಕ್ರಮವಿಧಿ ಓಡುವಾಗ ಈ ‘ಹಗೇವು’ ಎಷ್ಟು ಆಳಕ್ಕೆ ಇಳಿಯುತ್ತದೆ? ಅದನ್ನು ಮೊದಲೇ ಹೇಳಲು ಸಾಧ್ಯವೆ? ಹೇಳಬೇಕಾದ ಕಂಪೈಲರ್‌ಗೆ ಕಾಣದ ಮೂಲೆ ಯಾವುದು? ಪ್ರಶ್ನೆ ಸಣ್ಣದಾದರೂ ಉತ್ತರ ತಪ್ಪಿದರೆ ಆಗುವ ಹಾನಿ ಸಣ್ಣದಲ್ಲ.

ಹೂಳುವುದು, ಅಗೆದು ತೆಗೆಯುವುದು

ಇಂಗ್ಲೆಂಡಿನ ಅಲನ್ ಟ್ಯೂರಿಂಗ್ 1945ರ ಕೊನೆಯಲ್ಲಿ ‘ಎಸಿಇ’ ಎಂಬ ಗಣಕದ ಯೋಜನೆಯನ್ನು ಬರೆದರು. 1946ರಲ್ಲಿ ಅದು ಅಲ್ಲಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮುಂದೆ ಬಂತು. ದೊಡ್ಡ ಲೆಕ್ಕದ ನಡುವೆ ಒಂದು ಉಪಲೆಕ್ಕಕ್ಕೆ ಹೋಗಬೇಕು, ಅದು ಮುಗಿದ ಮೇಲೆ ಬಿಟ್ಟ ಜಾಗಕ್ಕೇ ಮರಳಬೇಕು. ಮರಳಬೇಕಾದ ವಿಳಾಸವನ್ನು ಎಲ್ಲಿ ಇಡುವುದು? ಟ್ಯೂರಿಂಗ್ ಇದಕ್ಕೆ ಎರಡು ಕೆಲಸಗಳನ್ನು ಸೂಚಿಸಿದರು. ಅವುಗಳಿಗೆ ಅವರು ಕೊಟ್ಟ ಹೆಸರು ‘ಬರಿ’ ಮತ್ತು ‘ಅನ್‌ಬರಿ’. ಎಂದರೆ ಹೂಳುವುದು, ಹೂಳಿದ್ದನ್ನು ಹೊರತೆಗೆಯುವುದು.

ಮುಂದೆ ಜರ್ಮನಿಯ ಮ್ಯೂನಿಕ್‌ನಲ್ಲಿ ಕ್ಲಾಸ್ ಸ್ಯಾಮೆಲ್ಸನ್ ಮತ್ತು ಫ್ರೀಡ್ರಿಶ್ ಬಾವರ್ ಅವರು ಆವರಣ ಚಿಹ್ನೆಗಳಿರುವ ಗಣಿತ ಸೂತ್ರವನ್ನು ಯಂತ್ರವೇ ಎಡದಿಂದ ಬಲಕ್ಕೆ ಓದಿಕೊಂಡು ಹೋಗಿ ಬಿಡಿಸುವ ವಿಧಾನವನ್ನು ಹುಡುಕುತ್ತಿದ್ದರು. ಸದ್ಯಕ್ಕೆ ಬಳಸಲಾಗದ ಚಿಹ್ನೆಗಳನ್ನು ಒಂದು ಕಡೆ ಇಟ್ಟು, ಬೇಕಾದಾಗ ಕೊನೆಗೆ ಇಟ್ಟದ್ದನ್ನೇ ಮೊದಲು ತೆಗೆಯುವುದು ಅವರು ಕಂಡುಕೊಂಡ ದಾರಿ. 1957ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದರು. ಆ ಇಡುವ ಜಾಗವನ್ನು ಅವರು ‘ಕೆಲ್ಲರ್’ ಎಂದು ಕರೆದರು. ಜರ್ಮನ್ ಭಾಷೆಯಲ್ಲಿ ಅದರ ಅರ್ಥ ನೆಲಮಾಳಿಗೆ. ನಮ್ಮ ಕಡೆಯವರು ಅನುವಾದಿಸಿದ್ದರೆ ಹಗೇವು ಎಂದೇ ಹೇಳುತ್ತಿದ್ದರೇನೊ. ಇಂದಿಗೂ ಜರ್ಮನ್ ಪುಸ್ತಕಗಳಲ್ಲಿ ಈ ಶಬ್ದ ಉಳಿದಿದೆ. 1988ರಲ್ಲಿ ಬಾವರ್ ಅವರಿಗೆ ಐಇಇಇ ಸಂಸ್ಥೆಯ ಗಣಕ ಪ್ರವರ್ತಕ ಪ್ರಶಸ್ತಿ ಬಂದದ್ದೂ ಸ್ಟ್ಯಾಕ್‌ಗಾಗಿಯೇ. ಇದೇ 1957ರ ಸುಮಾರಿಗೆ ಆಸ್ಟ್ರೇಲಿಯಾದ ಚಾರ್ಲ್ಸ್ ಹ್ಯಾಂಬ್ಲಿನ್ ಕೂಡ ಸ್ವತಂತ್ರವಾಗಿ ಇದೇ ವಿಚಾರಕ್ಕೆ ಬಂದಿದ್ದರು. ಅವರು ವೃತ್ತಿಯಿಂದ ತತ್ತ್ವಶಾಸ್ತ್ರದ ಅಧ್ಯಾಪಕರು ಎಂಬುದು ಗಮನಿಸತಕ್ಕ ಸಂಗತಿ.

ಆದರೆ ಆಳದ ಪ್ರಶ್ನೆ ಆಗಿನ್ನೂ ಹುಟ್ಟಿರಲಿಲ್ಲ. 1957ರಲ್ಲಿ ಐಬಿಎಂ ಹೊರತಂದ ಫೋರ್ಟ್ರಾನ್ ಭಾಷೆಯಲ್ಲಿ ಪ್ರತಿಯೊಂದು ಚರಾಂಕಕ್ಕೂ ಕ್ರಮವಿಧಿ ಓಡುವ ಮೊದಲೇ ಒಂದು ಖಾಯಂ ಜಾಗ ನಿಗದಿಯಾಗುತ್ತಿತ್ತು. ಎಷ್ಟು ಸ್ಮೃತಿ ಬೇಕು ಎಂಬುದು ಕೂಡಿಸುವ ಲೆಕ್ಕ ಅಷ್ಟೆ. ಪರಿಸ್ಥಿತಿ ಬದಲಾದದ್ದು 1960ರಲ್ಲಿ. ಆ ವರ್ಷ ಬಂದ ಆಲ್ಗಾಲ್ 60 ಭಾಷೆ, ಒಂದು ಫಂಕ್ಷನ್ ತನ್ನನ್ನು ತಾನೇ ಕರೆಯಲು ಅವಕಾಶ ಕೊಟ್ಟಿತು. ಹಾಗೆ ಕರೆದಾಗಲೆಲ್ಲ ಅದರ ಚರಾಂಕಗಳಿಗೆ ಹೊಸ ಜಾಗ ಬೇಕು. ನೆದರ್‌ಲೆಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ ಅದೇ ವರ್ಷ ಪ್ರಕಟಿಸಿದ ಪ್ರಬಂಧದಲ್ಲಿ ಈ ಜಾಗವನ್ನೆಲ್ಲ ಒಂದೇ ಸ್ಟ್ಯಾಕ್‌ನಿಂದ ಹೇಗೆ ಕೊಡಬಹುದೆಂದು ತೋರಿಸಿದರು. ಅಲ್ಲಿಂದ ಮುಂದೆ ‘ಎಷ್ಟು ಸ್ಮೃತಿ ಬೇಕು?’ ಎಂಬ ಪ್ರಶ್ನೆಗೆ ಸರಳ ಸಂಕಲನದಿಂದ ಉತ್ತರ ಸಿಗುವುದು ನಿಂತಿತು. ಯಾವ ಫಂಕ್ಷನ್ ಯಾವುದನ್ನು ಎಷ್ಟು ಸಲ ಕರೆಯುತ್ತದೆ ಎಂಬುದು ಓಡುವಾಗ ಮಾತ್ರ ಗೊತ್ತಾಗುವ ಸಂಗತಿ. ಯಾವುದೇ ಕ್ರಮವಿಧಿಯನ್ನು ನೋಡಿ ಅದು ನಿಲ್ಲುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸುವ ಸಾರ್ವತ್ರಿಕ ವಿಧಾನ ಇರಲಾರದು ಎಂದು 1936ರಲ್ಲೇ ಸಾಧಿಸಿದವರು ಮತ್ತೆ ಟ್ಯೂರಿಂಗ್ ಅವರೇ. ಸ್ಟ್ಯಾಕ್ ಆಳದ ಪ್ರಶ್ನೆಗೂ ಅದೇ ಮಿತಿ ಅನ್ವಯಿಸುತ್ತದೆ.

ಕಾಲೇಜಿನ ಕಿಟ್

ನಿಮ್ಮಲ್ಲಿ ಬಿ.ಎಸ್‌ಸಿ. ಎಲೆಕ್ಟ್ರಾನಿಕ್ಸ್ ಓದಿದವರಿಗೆ 8085 ಕಿಟ್ ನೆನಪಿರಬಹುದು. ಹದಿನಾರು ಅಂಕಿಗಳ ಕೀಲಿಮಣೆ, ಕೆಂಪು ಅಂಕಿಗಳ ಫಲಕ, ಕೈಯಿಂದ ಒಂದೊಂದೇ ಸಂಕೇತ ತುಂಬಿಸುವ ತಾಳ್ಮೆ. ಇಂಟೆಲ್ ಸಂಸ್ಥೆಯ 8008 (1972) ಪ್ರೊಸೆಸರ್‌ನಲ್ಲಿ ಮರಳುವ ವಿಳಾಸಗಳನ್ನಿಡುವ ಸ್ಟ್ಯಾಕ್ ಚಿಪ್ಪಿನೊಳಗೇ ಇತ್ತು. ಏಳು ಹಂತಕ್ಕಿಂತ ಆಳಕ್ಕೆ ಹೋಗುವಂತಿರಲಿಲ್ಲ. 1974ರ 8080ರಲ್ಲಿ ಸ್ಟ್ಯಾಕ್ ಹೊರಗಿನ ಸ್ಮೃತಿಗೆ ಬಂತು, ಅದರ ತುದಿಯನ್ನು ತೋರಿಸಲು ‘ಸ್ಟ್ಯಾಕ್ ಪಾಯಿಂಟರ್’ ಎಂಬ ರಿಜಿಸ್ಟರ್ ಬಂತು. 1976ರ 8085 ಇದನ್ನೇ ಮುಂದುವರಿಸಿತು. ಇದರಿಂದ ಆಳದ ಮಿತಿ ಹೋಯಿತು, ಜೊತೆಗೆ ಗೋಡೆಯೂ ಹೋಯಿತು. ಪ್ರೊಸೆಸರ್ ಸ್ಟ್ಯಾಕ್ ಪಾಯಿಂಟರನ್ನು ಇಳಿಸುತ್ತಾ ಹೋಗುತ್ತದೆ. ಕೆಳಗೆ ಬೇರೆ ದತ್ತಾಂಶ ಇದೆಯೋ ಇಲ್ಲವೋ ಎಂದು ನೋಡುವುದಿಲ್ಲ. ಪಕ್ಕದವರ ಹಗೇವಿನ ಗೋಡೆ ಒಡೆದರೂ ಗುದ್ದಲಿ ನಿಲ್ಲುವುದಿಲ್ಲ.

ಸ್ಟ್ಯಾಕ್ ಪಾಯಿಂಟರ್‌ಗೆ ಸರಿಯಾದ ಮೊದಲ ಬೆಲೆ ತುಂಬುವುದನ್ನು ಮರೆತು, ಫಲಕದ ಮೇಲೆ ಅರ್ಥವಿಲ್ಲದ ಅಂಕಿಗಳು ಬಂದಾಗ ಕಿಟ್ ಕೆಟ್ಟಿದೆ ಎಂದು ನನ್ನ ಬಳಿ ದೂರು ತಂದ ವಿದ್ಯಾರ್ಥಿಗಳು ಎಷ್ಟೋ ಮಂದಿ. ಅಸೆಂಬ್ಲಿಯಲ್ಲಿ ಬರೆಯುವವನಿಗೆ ಸ್ಟ್ಯಾಕ್‌ನ ಲೆಕ್ಕ ಅವನದೇ ಜವಾಬ್ದಾರಿ. ಎಷ್ಟು ‘ಪುಶ್’ ಮಾಡಿದೆ, ಎಷ್ಟು ‘ಪಾಪ್’ ಮಾಡಿದೆ ಎಂದು ಬೆರಳು ಮಡಚಿ ಎಣಿಸಬೇಕು. ಸಿ ಭಾಷೆಯಲ್ಲಿ ಬರೆಯುವವನಿಗೆ ಆ ತೊಂದರೆ ಇಲ್ಲ, ಕಂಪೈಲರ್ ಎಣಿಸುತ್ತದೆ. ತೊಂದರೆ ಇರುವುದು ಇವೆರಡೂ ಒಂದೇ ಕಡತದಲ್ಲಿ ಸೇರಿದಾಗ.

ಲೆಕ್ಕದ ಪುಸ್ತಕ

ಸಿ ಭಾಷೆ 1972ರ ಸುಮಾರಿಗೆ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡಿತು. ರಿಚರ್ಡ್ ಸ್ಟಾಲ್‌ಮನ್ ಅವರ ಜಿಸಿಸಿ ಕಂಪೈಲರ್ 1987ರಲ್ಲಿ ಹೊರಬಂತು. ಸಿ ಕ್ರಮವಿಧಿಯ ನಡುವೆಯೇ ಕೆಲವು ಸಾಲು ಅಸೆಂಬ್ಲಿ ಬರೆಯುವ ಸೌಲಭ್ಯಕ್ಕೆ ‘ಇನ್‌ಲೈನ್ ಅಸೆಂಬ್ಲಿ’ ಎಂದು ಹೆಸರು. ಸಿ ಭಾಷೆಯಲ್ಲಿ ಹೇಳಲಾಗದ ಕೆಲಸಗಳಿಗೆ, ಉದಾಹರಣೆಗೆ ಇಂಟರಪ್ಟ್‌ಗಳನ್ನು ತಡೆಯಲು ಅಥವಾ ಪ್ರೊಸೆಸರನ್ನು ನಿದ್ರೆಗೆ ಕಳಿಸಲು, ಇದು ಬೇಕೇ ಬೇಕು.

ಸ್ಟ್ಯಾಕ್ ಬಳಕೆಯನ್ನು ಕಂಪೈಲರೇ ವರದಿ ಮಾಡಲಿ ಎಂಬ ಬೇಡಿಕೆ ಬಂದದ್ದು ವಿಮಾನ, ರೈಲು ಮುಂತಾದ ಸುರಕ್ಷತೆಯೇ ಮುಖ್ಯವಾದ ಕ್ಷೇತ್ರಗಳಿಂದ. ಅಡಾ ಭಾಷೆಯ ಕಂಪೈಲರ್ ತಯಾರಿಸುವ ಅಡಾಕೋರ್ ಸಂಸ್ಥೆಯ ಎರಿಕ್ ಬೊಟ್ಕಾಜೂ, ಸಿರಿಲ್ ಕೊಮಾರ್, ಒಲಿವಿಯೆ ಹೆಂಕ್ ಎಂಬ ಮೂವರು 2005ರ ಜಿಸಿಸಿ ಸಮಾವೇಶದಲ್ಲಿ ಈ ಬಗ್ಗೆ ಪ್ರಬಂಧ ಮಂಡಿಸಿದರು. ಅವರ ವಿಚಾರ ಸರಳವಾಗಿತ್ತು. ಪ್ರತಿಯೊಂದು ಫಂಕ್ಷನ್‌ಗೆ ಸ್ಟ್ಯಾಕ್‌ನಲ್ಲಿ ಎಷ್ಟು ಜಾಗ ತೆಗೆಯಬೇಕೆಂದು ತೀರ್ಮಾನಿಸುವುದು ಕಂಪೈಲರೇ; ಹಾಗಿದ್ದ ಮೇಲೆ ಆ ಅಂಕಿಯನ್ನು ಒಂದು ಪಕ್ಕದ ಕಡತದಲ್ಲಿ ಬರೆದಿಟ್ಟರೆ ಆಯಿತು. ಯಾವ ಫಂಕ್ಷನ್ ಯಾವುದನ್ನು ಕರೆಯುತ್ತದೆ ಎಂಬ ನಕ್ಷೆಯನ್ನೂ ಕೊಟ್ಟರೆ, ನಕ್ಷೆಯಲ್ಲಿ ಅತಿ ಹೆಚ್ಚು ಮೊತ್ತ ಬರುವ ದಾರಿಯನ್ನು ಹುಡುಕಿ ಗರಿಷ್ಠ ಆಳ ಹೇಳಬಹುದು.

ಸ್ಟ್ಯಾಕ್ ಬಳಕೆ ವರದಿ ಮಾಡುವ ಆಯ್ಕೆ 2011ರಲ್ಲಿ ಜಿಸಿಸಿಯ 4.6ನೆಯ ಆವೃತ್ತಿಯಲ್ಲಿ ಎಲ್ಲರಿಗೂ ಸಿಕ್ಕಿತು. ಕರೆಗಳ ನಕ್ಷೆ ಕೊಡುವ ಆಯ್ಕೆ ಬರಲು 2020ರ 10ನೆಯ ಆವೃತ್ತಿಯವರೆಗೆ ಕಾಯಬೇಕಾಯಿತು. ಇನ್ನೊಂದು ಪ್ರಮುಖ ಕಂಪೈಲರ್ ಆದ ಕ್ಲ್ಯಾಂಗ್ 2021ರಲ್ಲಿ ಇದೇ ವರದಿಯನ್ನು ಅಳವಡಿಸಿಕೊಂಡಿತು. (ಕಂಪೈಲರ್ ಕುರಿತ ಗಂಭೀರ ಕೆಲಸ ನಮ್ಮಲ್ಲೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ. ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲಿ ಪ್ರಕಟವಾಗಿ, ಹೊರದೇಶಗಳಲ್ಲೂ ಬಳಕೆಗೆ ಬಂತು.)

ಈ ವರದಿಯಲ್ಲಿ ಒಂದೊಂದು ಫಂಕ್ಷನ್‌ಗೆ ಒಂದೊಂದು ಸಾಲು. ಮೊದಲು ಹೆಸರು, ನಂತರ ಬೈಟ್‌ಗಳ ಸಂಖ್ಯೆ, ಕೊನೆಗೆ ಒಂದು ವಿಶೇಷಣ. ‘ಸ್ಟ್ಯಾಟಿಕ್’ ಎಂದರೆ ಜಾಗದ ಅಳತೆ ಸ್ಥಿರ, ಅಂಕಿಯನ್ನು ನಂಬಬಹುದು. ‘ಡೈನಮಿಕ್’ ಎಂದರೆ ಓಡುವಾಗ ಅಳತೆ ಬದಲಾಗುತ್ತದೆ, ಕೊಟ್ಟ ಅಂಕಿ ಪೂರ್ತಿಯಲ್ಲ. ಅದರ ಜೊತೆ ‘ಬೌಂಡೆಡ್’ ಎಂದಿದ್ದರೆ ಬದಲಾದರೂ ಈ ಅಂಕಿಯನ್ನು ಮೀರುವುದಿಲ್ಲ ಎಂದು ಅರ್ಥ. ಹಳ್ಳಿಯ ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದಷ್ಟು ಸರಳ.

ಓದದೆ ದಾಟಿಸುವ ಪತ್ರ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಒಂದು ಫಂಕ್ಷನ್ ಒಳಗೆ ಇನ್‌ಲೈನ್ ಅಸೆಂಬ್ಲಿ ಇದೆ, ಆ ಸಾಲುಗಳಲ್ಲಿ ನಾಲ್ಕು ರಿಜಿಸ್ಟರ್‌ಗಳನ್ನು ‘ಪುಶ್’ ಮಾಡಲಾಗಿದೆ ಎನ್ನಿ. ವರದಿಯಲ್ಲಿ ಆ ಬೈಟ್‌ಗಳು ಸೇರುತ್ತವೆಯೆ?

ಸೇರುವುದಿಲ್ಲ. ಕಾರಣ ತಿಳಿಯಲು ಜಿಸಿಸಿ ಕೆಲಸ ಮಾಡುವ ಬಗೆಯನ್ನು ನೋಡಬೇಕು. ಅದು ಸಿ ಭಾಷೆಯನ್ನು ಅಸೆಂಬ್ಲಿ ಭಾಷೆಯ ಪಠ್ಯಕ್ಕೆ ತಿರುಗಿಸಿ, ಅಸೆಂಬ್ಲರ್ ಎಂಬ ಮತ್ತೊಂದು ತಂತ್ರಾಂಶಕ್ಕೆ ಒಪ್ಪಿಸುತ್ತದೆ. ನೀವು ಬರೆದ ಇನ್‌ಲೈನ್ ಅಸೆಂಬ್ಲಿ ಅದಕ್ಕೆ ಬರಿಯ ಅಕ್ಷರಗಳ ಸಾಲು. ಅಲ್ಲಲ್ಲಿ ಚರಾಂಕಗಳ ಜಾಗಕ್ಕೆ ರಿಜಿಸ್ಟರ್‌ಗಳ ಹೆಸರು ತುಂಬಿ ಹಾಗೆಯೇ ಮುಂದಕ್ಕೆ ದಾಟಿಸುತ್ತದೆ. ಅಂಚೆಯವ ಮುಚ್ಚಿದ ಲಕೋಟೆಯನ್ನು ಓದದೆ ತಲುಪಿಸುವ ಹಾಗೆ. ಒಳಗೆ ಎಷ್ಟು ಆಜ್ಞೆಗಳಿವೆ ಎಂಬುದನ್ನೂ ಅದು ಸಾಲುಗಳನ್ನು ಎಣಿಸಿ ಅಂದಾಜು ಮಾಡುತ್ತದೆ. ಲಕೋಟೆಯ ಮೇಲೆ ನೀವು ಏನು ಬರೆದಿದ್ದೀರೋ ಅದಷ್ಟೇ ಅದಕ್ಕೆ ಗೊತ್ತು: ಯಾವುದು ಒಳಕ್ಕೆ ಹೋಗುವ ಬೆಲೆ, ಯಾವುದು ಹೊರಬರುವ ಬೆಲೆ, ಯಾವ ರಿಜಿಸ್ಟರ್‌ಗಳು ಕೆಡುತ್ತವೆ. ‘ನಾನು ಸ್ಟ್ಯಾಕ್‌ನಲ್ಲಿ ಇಷ್ಟು ಬೈಟ್ ಇಳಿಯುತ್ತೇನೆ’ ಎಂದು ಬರೆಯಲು ಲಕೋಟೆಯ ಮೇಲೆ ಜಾಗವನ್ನೇ ಇಟ್ಟಿಲ್ಲ. ಸ್ಟ್ಯಾಕ್ ಪಾಯಿಂಟರನ್ನು ಕೆಡುವ ರಿಜಿಸ್ಟರ್‌ಗಳ ಪಟ್ಟಿಯಲ್ಲಿ ಸೇರಿಸಿ ತಿಳಿಸೋಣ ಎಂದರೆ, 2019ರ 9ನೆಯ ಆವೃತ್ತಿಯಿಂದ ಜಿಸಿಸಿ ಅದನ್ನು ಬೇಡವೆಂದು ಎಚ್ಚರಿಸುತ್ತದೆ.

ವರದಿಯ ಮೊದಲ ಆವೃತ್ತಿಗಳಲ್ಲಿ ಇಂಥ ಫಂಕ್ಷನ್‌ನ ಮುಂದೆಯೂ ‘ಸ್ಟ್ಯಾಟಿಕ್’ ಎಂದೇ ಬರುತ್ತಿತ್ತು. ಭೌತವಿಜ್ಞಾನದ ಅಧ್ಯಾಪಕನಾದ ನನಗೆ ಇದು ಸ್ಕ್ರೂ ಗೇಜಿನ ಶೂನ್ಯ ದೋಷವನ್ನು ನೆನಪಿಸುತ್ತದೆ. ಹತ್ತು ಸಲ ಅಳೆದರೂ ಹತ್ತೂ ಸಲ ಒಂದೇ ಉತ್ತರ. ಉತ್ತರಗಳು ಪರಸ್ಪರ ಹೊಂದುವುದರಿಂದ ಅನುಮಾನವೇ ಬರುವುದಿಲ್ಲ. ನಂತರದ ಆವೃತ್ತಿಗಳಲ್ಲಿ ಒಂದು ತಿದ್ದುಪಡಿ ಬಂತು. ಈಗ ಇನ್‌ಲೈನ್ ಅಸೆಂಬ್ಲಿ ಇರುವ ಫಂಕ್ಷನ್‌ನ ಮುಂದೆ ‘ಸ್ಟ್ಯಾಟಿಕ್, ಇಗ್ನೋರಿಂಗ್ ಇನ್‌ಲೈನ್ ಎಎಸ್‌ಎಂ’ ಎಂದು ಬರುತ್ತದೆ. ಎಂದರೆ, ಅಂಕಿ ಸ್ಥಿರ ಹೌದು, ಆದರೆ ಇನ್‌ಲೈನ್ ಅಸೆಂಬ್ಲಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಇದು ಪ್ರಾಮಾಣಿಕ ಹೇಳಿಕೆ. ಆದರೂ ಪೂರ್ತಿ ಉಪಯುಕ್ತ ಎಂದು ನಾನು ಹೇಳಲಾರೆ. ಇಂದಿನ ಸಣ್ಣ ಆರ್ಮ್ ಪ್ರೊಸೆಸರ್‌ಗಳ ಮೂಲ ಕಡತಗಳಲ್ಲಿ ಇಂಟರಪ್ಟ್ ತಡೆಯುವ, ಸ್ಮೃತಿ ವ್ಯವಹಾರ ಮುಗಿಯುವವರೆಗೆ ಕಾಯುವ ಒಂದೊಂದು ಸಾಲಿನ ಇನ್‌ಲೈನ್ ಅಸೆಂಬ್ಲಿ ಹೇರಳವಾಗಿದೆ. ಅವು ಸ್ಟ್ಯಾಕನ್ನು ಮುಟ್ಟುವುದೇ ಇಲ್ಲ. ಆದರೂ ಅವುಗಳ ಮುಂದೆ ಇದೇ ಷರಾ ಬೀಳುತ್ತದೆ. ನಲವತ್ತು ಕಡೆ ಸುಮ್ಮನೆ ಬಿದ್ದ ಷರಾವನ್ನು ನಲವತ್ತೊಂದನೆಯ ಕಡೆ ಯಾರು ಗಂಭೀರವಾಗಿ ನೋಡುತ್ತಾರೆ? ನಿಜವಾಗಿ ನಲವತ್ತೆಂಟು ಬೈಟ್ ಇಳಿಯುವ ಫಂಕ್ಷನ್ ಅದೇ ಗುಂಪಿನಲ್ಲಿ ಅಡಗಿರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. 64 ಬಿಟ್‌ನ ಇಂಟೆಲ್ ಮಾದರಿ ಪ್ರೊಸೆಸರ್‌ಗಳಲ್ಲಿ, ಲಿನಕ್ಸ್ ಅನುಸರಿಸುವ ಒಪ್ಪಂದದಂತೆ, ಸ್ಟ್ಯಾಕ್ ತುದಿಯ ಆಚೆಗಿನ 128 ಬೈಟ್‌ಗಳನ್ನು ಫಂಕ್ಷನ್ ತನ್ನ ಚರಾಂಕಗಳಿಗೆ ಬಳಸಬಹುದು. ಇದಕ್ಕೆ ‘ರೆಡ್ ಝೋನ್’ ಎಂದು ಹೆಸರು. ಬೇರೆ ಯಾರನ್ನೂ ಕರೆಯದ ಫಂಕ್ಷನ್ ಸ್ಟ್ಯಾಕ್ ಪಾಯಿಂಟರನ್ನು ಇಳಿಸದೆಯೇ ಅಲ್ಲಿ ಸಾಮಾನು ಇಟ್ಟಿರುತ್ತದೆ. ಅದರೊಳಗಿನ ಇನ್‌ಲೈನ್ ಅಸೆಂಬ್ಲಿ ಒಂದು ‘ಪುಶ್’ ಮಾಡಿದರೆ ಸಾಕು, ಅದೇ ಫಂಕ್ಷನ್‌ನ ಚರಾಂಕ ಅಳಿಸಿಹೋಗುತ್ತದೆ. ಇಲ್ಲಿ ಸ್ಟ್ಯಾಕ್ ತುಂಬುವುದೇ ಬೇಡ, ಅರ್ಧ ಖಾಲಿ ಇದ್ದರೂ ಹಾನಿ. 2025ರಲ್ಲಿ ಬಂದ ಜಿಸಿಸಿ 15ರಲ್ಲಿ ‘ನಾನು ರೆಡ್ ಝೋನನ್ನು ಕೆಡಿಸುತ್ತೇನೆ’ ಎಂದು ಲಕೋಟೆಯ ಮೇಲೆ ಬರೆಯಲು ಅವಕಾಶ ಕೊಡಲಾಗಿದೆ. ಮೈಕ್ರೋಸಾಫ್ಟ್ ಇನ್ನೊಂದು ದಾರಿ ಹಿಡಿಯಿತು: ತನ್ನ 64 ಬಿಟ್ ಇಂಟೆಲ್ ಮಾದರಿಯ ಕಂಪೈಲರ್‌ನಲ್ಲಿ ಇನ್‌ಲೈನ್ ಅಸೆಂಬ್ಲಿಗೆ ಅವಕಾಶವನ್ನೇ ಕೊಡಲಿಲ್ಲ.

41 ಮತ್ತು 94

ಇಂಥ ಲೆಕ್ಕ ನ್ಯಾಯಾಲಯದ ಕಟಕಟೆಯನ್ನು ಏರಿದ ಒಂದು ಸಂದರ್ಭವಿದೆ. ಅಮೆರಿಕದ ಓಕ್ಲಹೋಮಾ ರಾಜ್ಯದಲ್ಲಿ 2007ರಲ್ಲಿ 2005ರ ಮಾದರಿಯ ಟೊಯೋಟಾ ಕ್ಯಾಮ್ರಿ ಕಾರೊಂದು ಅಪಘಾತಕ್ಕೀಡಾಗಿ ಒಬ್ಬರು ಸತ್ತರು, ಚಾಲಕಿ ತೀವ್ರವಾಗಿ ಗಾಯಗೊಂಡರು. ಕಾರು ತಾನಾಗಿಯೇ ವೇಗ ಹೆಚ್ಚಿಸಿಕೊಂಡಿತು ಎಂಬುದು ದೂರು. ಇಂಥ ದೂರುಗಳು ಹೆಚ್ಚಿದಾಗ ನಾಸಾ ಸಂಸ್ಥೆಯ ತಜ್ಞರು ಪರಿಶೀಲನೆ ನಡೆಸಿದ್ದರು. ಎಲೆಕ್ಟ್ರಾನಿಕ್ ದೋಷದಿಂದ ಹೀಗಾಗಿದೆ ಎನ್ನಲು ಆಧಾರ ಸಿಕ್ಕಿಲ್ಲ ಎಂದು 2011ರಲ್ಲಿ ವರದಿ ಕೊಟ್ಟಿದ್ದರು.

2013ರಲ್ಲಿ ವಿಚಾರಣೆ ನಡೆದಾಗ ದೂರುದಾರರ ಪರವಾಗಿ ಸಾಕ್ಷಿ ನುಡಿದ ತಂತ್ರಾಂಶ ತಜ್ಞ ಮೈಕೆಲ್ ಬಾರ್ ಅವರು ಕಾರಿನ ವೇಗ ನಿಯಂತ್ರಕದ ಕ್ರಮವಿಧಿಯನ್ನು ತಿಂಗಳುಗಟ್ಟಲೆ ಓದಿದ್ದರು. ಅವರ ಹೇಳಿಕೆಯ ಒಂದು ಭಾಗ ಸ್ಟ್ಯಾಕ್ ಬಗ್ಗೆ ಇತ್ತು. ಕಂಪನಿಯ ಲೆಕ್ಕದಂತೆ ಮೀಸಲಿಟ್ಟ ಸ್ಟ್ಯಾಕ್‌ನಲ್ಲಿ ಬಳಕೆಯಾಗುವುದು ಹೆಚ್ಚೆಂದರೆ ಶೇಕಡ 41. ಬಾರ್ ಅವರ ಲೆಕ್ಕದಲ್ಲಿ ಅದು ಶೇಕಡ 94. ವ್ಯತ್ಯಾಸ ಎಲ್ಲಿಂದ ಬಂತು? ಪಾಯಿಂಟರ್ ಮೂಲಕ ಆದ ಕರೆಗಳು ಲೆಕ್ಕದಲ್ಲಿ ಬಿಟ್ಟುಹೋಗಿದ್ದವು. ಕಾರ್ಯಗಳ ನಡುವೆ ಬದಲಾಯಿಸುವಾಗ ಕಾರ್ಯಾಚರಣ ವ್ಯವಸ್ಥೆ ಬಳಸುವ ಜಾಗ ಬಿಟ್ಟುಹೋಗಿತ್ತು. ಲೈಬ್ರರಿಯ ಮತ್ತು ಅಸೆಂಬ್ಲಿಯಲ್ಲಿ ಬರೆದ ಸುಮಾರು 350 ಫಂಕ್ಷನ್‌ಗಳ ಬಳಕೆಯೂ ಬಿಟ್ಟುಹೋಗಿತ್ತು. ಇದರ ಮೇಲೆ ತನ್ನನ್ನು ತಾನೇ ಕರೆಯುವ ಫಂಕ್ಷನ್‌ಗಳೂ ಇದ್ದವು, ಅವುಗಳ ಆಳ ಈ 94ರಲ್ಲಿ ಸೇರಿಲ್ಲ. ಸ್ಟ್ಯಾಕ್ ಮೇರೆ ಮೀರಿದರೆ ತಡೆಯುವ ರಕ್ಷಣೆ ಪ್ರೊಸೆಸರ್‌ನಲ್ಲಿ ಇರಲಿಲ್ಲ.

2013ರ ಅಕ್ಟೋಬರ್ 24ರಂದು ತೀರ್ಪುಗಾರರು ಕಂಪನಿಯನ್ನು ಹೊಣೆ ಮಾಡಿ 30 ಲಕ್ಷ ಡಾಲರ್ ಪರಿಹಾರ ವಿಧಿಸಿದರು. ದಂಡದ ಮೊತ್ತ ತೀರ್ಮಾನವಾಗುವ ಮೊದಲೇ ಎರಡೂ ಕಡೆಯವರು ರಾಜಿಯಾದರು. ಓದುಗರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಆ ದಿನ ಆ ಕಾರಿನಲ್ಲಿ ಸ್ಟ್ಯಾಕ್ ಮೀರಿದ್ದರಿಂದಲೇ ಅಪಘಾತವಾಯಿತು ಎಂದು ಯಾರೂ ತೋರಿಸಿಲ್ಲ. ಅಂಥ ಘಟನೆ ತನ್ನ ಹೆಜ್ಜೆ ಗುರುತನ್ನು ಉಳಿಸುವುದಿಲ್ಲ. ನಮಗೆ ಇಲ್ಲಿ ಮುಖ್ಯವಾದದ್ದು 41ಕ್ಕೂ 94ಕ್ಕೂ ನಡುವಿನ ಅಂತರ ಮತ್ತು ಅದರಲ್ಲಿ ಅಸೆಂಬ್ಲಿಗೆ ಸೇರಿದ ಪಾಲು.

ನೆರೆಯ ಗೆರೆ

ಕಂಪೈಲರ್‌ನ ವರದಿ ಸಾಲದು ಎಂದಾಗ ಎಂಜಿನಿಯರುಗಳು ಬಳಸುವ ಹಳೆಯ ಉಪಾಯವೊಂದಿದೆ. ಸ್ಟ್ಯಾಕ್‌ಗೆ ಮೀಸಲಾದ ಜಾಗದಲ್ಲೆಲ್ಲ ಮೊದಲೇ ಗೊತ್ತಿರುವ ಒಂದು ಅಂಕಿಯನ್ನು ತುಂಬುವುದು, ಸಾಧನವನ್ನು ಓಡಿಸುವುದು, ಆಮೇಲೆ ಎಲ್ಲಿಯವರೆಗೆ ಆ ಅಂಕಿ ಅಳಿಸಿದೆ ಎಂದು ನೋಡುವುದು. ಬೆಣ್ಣಿಹಳ್ಳಕ್ಕೆ ನೆರೆ ಬಂದು ಇಳಿದ ಮೇಲೆ ಗೋಡೆಗಳ ಮೇಲೆ ಉಳಿಯುವ ಕೆಸರಿನ ಗೆರೆಯನ್ನು ನವಲಗುಂದ ತಾಲ್ಲೂಕಿನವರು ನೋಡಿರುತ್ತಾರೆ. ಇದು ಅಂಥದೇ ಗೆರೆ. ಅಸೆಂಬ್ಲಿ, ಸಿ ಎಂಬ ಭೇದವಿಲ್ಲದೆ ನೀರು ಮುಟ್ಟಿದ್ದನ್ನೆಲ್ಲ ಅದು ತೋರಿಸುತ್ತದೆ. ಆದರೆ ಈವರೆಗೆ ಬಂದ ನೆರೆಯನ್ನು ಮಾತ್ರ ತೋರಿಸುತ್ತದೆ, ಮುಂದೆ ಬರಬಹುದಾದ ಅತಿ ದೊಡ್ಡ ನೆರೆಯನ್ನಲ್ಲ.

ಮೂರನೆಯ ದಾರಿ, ಸಿ ಕಡತವನ್ನು ಬಿಟ್ಟು, ಕೊನೆಗೆ ತಯಾರಾದ ಯಂತ್ರಸಂಕೇತವನ್ನೇ ಓದುವುದು. ಅಲ್ಲಿ ಇನ್‌ಲೈನ್ ಅಸೆಂಬ್ಲಿ ಎಂಬ ಲಕೋಟೆ ಒಡೆದಿರುತ್ತದೆ, ಎಲ್ಲ ‘ಪುಶ್’ಗಳೂ ಬಯಲಿಗೆ ಬಂದಿರುತ್ತವೆ. ಲಿನಕ್ಸ್‌ನ ತಿರುಳಿನ ಜೊತೆ ಬರುವ ‘ಚೆಕ್‌ಸ್ಟ್ಯಾಕ್’ ಎಂಬ ಪುಟ್ಟ ಉಪಕರಣ ಯಂತ್ರಸಂಕೇತದಲ್ಲಿ ಸ್ಟ್ಯಾಕ್ ಪಾಯಿಂಟರನ್ನು ಇಳಿಸುವ ಆಜ್ಞೆಗಳನ್ನು ಹುಡುಕುತ್ತದೆ. ಜರ್ಮನಿಯ ಸಾರ್‌ಬ್ರೂಕನ್‌ನ ಅಬ್ಸಿಂಟ್ ಸಂಸ್ಥೆಯ ‘ಸ್ಟ್ಯಾಕ್ ಅನಲೈಸರ್’ ಇನ್ನೂ ಮುಂದೆ ಹೋಗಿ, ಎಲ್ಲ ದಾರಿಗಳನ್ನೂ ಹಿಡಿದು ಗರಿಷ್ಠ ಆಳವನ್ನು ಗಣಿಸುತ್ತದೆ. ಏರ್‌ಬಸ್ ವಿಮಾನಗಳ ತಂತ್ರಾಂಶಕ್ಕೂ ಅದು ಬಳಕೆಯಾಗಿದೆ. ಆದರೂ ತನ್ನನ್ನು ತಾನೇ ಕರೆಯುವ ಫಂಕ್ಷನ್ ಎಷ್ಟು ಸಲ ಕರೆಯುತ್ತದೆ ಎಂಬುದನ್ನು ಎಷ್ಟೋ ಕಡೆ ಮನುಷ್ಯನೇ ಹೇಳಿಕೊಡಬೇಕು. ಟ್ಯೂರಿಂಗ್ ಹಾಕಿದ ಗೆರೆಯನ್ನು ಅದೂ ದಾಟಲಾರದು.

ಒಂದು ಲೆಕ್ಕ

ತರಗತಿಯಲ್ಲಿ ನಾನು ಕೊಡುವ ಲೆಕ್ಕವೊಂದನ್ನು ನಿಮಗೂ ಕೊಡುತ್ತೇನೆ. ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ.

ಅಣ್ಣಿಗೇರಿ ಕಡೆಯ ಮೆಣಸಿನಕಾಯಿ ಹೊಲದಲ್ಲಿ ಮಣ್ಣಿನ ತೇವ ನೋಡಿ ಪಂಪನ್ನು ಚಾಲೂ ಮತ್ತು ಬಂದ್ ಮಾಡುವ ಒಂದು ಸಾಧನ ಎಂದುಕೊಳ್ಳಿ. ಆರ್ಡುಯಿನೋ ಉನೋ ಫಲಕದ ಮೇಲಿರುವ ಎಟಿಮೆಗಾ 328ಪಿ ಚಿಪ್‌ನಲ್ಲಿ ಓದುವ ಮತ್ತು ಬರೆಯುವ ಸ್ಮೃತಿ ಇರುವುದು 2048 ಬೈಟ್ ಮಾತ್ರ. ಖಾಯಂ ಚರಾಂಕಗಳು ಕೆಳಗಿನಿಂದ 1764 ಬೈಟ್ ಹಿಡಿದಿವೆ. ಸ್ಟ್ಯಾಕ್‌ಗೆ ಮೇಲಿನಿಂದ ಉಳಿದದ್ದು 284. ಕಂಪೈಲರ್ ವರದಿಯಲ್ಲಿ ಅತಿ ಉದ್ದದ ಕರೆಗಳ ಸರಣಿಯನ್ನು ಕೂಡಿಸಿದರೆ, ಟೈಮರ್ ಇಂಟರಪ್ಟ್‌ನ ಪಾಲೂ ಸೇರಿ, 212 ಬೈಟ್. ಇನ್ನೂ 72 ಬೈಟ್ ಖಾಲಿ ಇದೆ ಎಂದು ಸಾಧನ ಕಟ್ಟಿದವನು ನಿಶ್ಚಿಂತನಾಗುತ್ತಾನೆ.

ಆದರೆ ಸರಣಿಯ ಕೊನೆಯ ಫಂಕ್ಷನ್‌ನಲ್ಲಿ ಇನ್‌ಲೈನ್ ಅಸೆಂಬ್ಲಿ ಇದೆ. ಅದು ಜಾಗರೂಕತೆಯಿಂದ 32 ರಿಜಿಸ್ಟರ್‌ಗಳನ್ನೂ ಸ್ಥಿತಿ ರಿಜಿಸ್ಟರನ್ನೂ ‘ಪುಶ್’ ಮಾಡುತ್ತದೆ: 33 ಬೈಟ್. ನಂತರ ಅಸೆಂಬ್ಲಿಯಲ್ಲೇ ಬರೆದ ಒಂದು ಉಪಕಾರ್ಯವನ್ನು ಕರೆಯುತ್ತದೆ: ಮರಳುವ ವಿಳಾಸಕ್ಕೆ 2 ಬೈಟ್. ಆ ಉಪಕಾರ್ಯ ಅಳತೆಗಳನ್ನಿಡಲು ಸ್ಟ್ಯಾಕ್‌ನಲ್ಲಿ 48 ಬೈಟ್ ತೆಗೆಯುತ್ತದೆ. ಒಟ್ಟು 83. ಇದು 212ರ ಜೊತೆ ಸೇರಿದರೆ 295. ಇರುವ ಜಾಗಕ್ಕಿಂತ 11 ಬೈಟ್ ಹೆಚ್ಚು.

ಈ 11 ಬೈಟ್ ಖಾಯಂ ಚರಾಂಕಗಳ ಮೇಲ್ತುದಿಗೆ ಬಂದು ಬೀಳುತ್ತವೆ. ಪಂಪ್ ಚಾಲೂ ಇದೆಯೋ ಬಂದ್ ಇದೆಯೋ ಎಂಬ ಗುರುತು ಅಲ್ಲೇ ಇದ್ದರೆ ಅದು ಅಳಿಸಿಹೋಗುತ್ತದೆ. ಅದೂ ಅಸೆಂಬ್ಲಿ ಉಪಕಾರ್ಯ ನಡೆಯುತ್ತಿರುವ ಕ್ಷಣಕ್ಕೇ ಟೈಮರ್ ಇಂಟರಪ್ಟ್ ಬಂದಾಗ ಮಾತ್ರ. ಪ್ರಯೋಗಾಲಯದಲ್ಲಿ ಒಂದು ವಾರ ಓಡಿಸಿದರೂ ಕಾಣದೆ ಇರಬಹುದು. ಅಂಕಿ ತುಂಬಿ ಗೆರೆ ನೋಡುವ ಉಪಾಯವೂ ಆ ವಾರ ಏನನ್ನೂ ತೋರಿಸದು. ಹೊಲದಲ್ಲಿ ಒಂದು ರಾತ್ರಿ ಪಂಪ್ ಬಂದ್ ಆಗದೆ ಉಳಿದು, ಬೆಳಗಾಗುವ ಹೊತ್ತಿಗೆ ಎರಿಮಣ್ಣಿನಲ್ಲಿ ನೀರು ನಿಂತಿರುತ್ತದೆ. ರೈತನಿಗೆ ಕಾಣುವುದು ಬೇರು ಕೊಳೆಯುತ್ತಿರುವ ಗಿಡ. ಅವನು ಬೈಯುವುದು ಕರೆಂಟಿನವರನ್ನು.

ಸರಿಪಡಿಸುವುದು ಹೇಗೆ? ಅಸೆಂಬ್ಲಿಯೊಳಗೆ ‘ಪುಶ್’ ಮಾಡುವುದನ್ನು ಬಿಟ್ಟು, ನಿಜವಾಗಿ ಕೆಡುವ ರಿಜಿಸ್ಟರ್‌ಗಳ ಹೆಸರನ್ನು ಲಕೋಟೆಯ ಮೇಲೆ ಬರೆಯಬೇಕು. ಅವುಗಳಲ್ಲಿ ಉಳಿಸಲೇಬೇಕಾದ ಆರನ್ನು ಕಂಪೈಲರೇ ‘ಪುಶ್’ ಮಾಡುತ್ತದೆ, ಮಾಡಿದ್ದನ್ನು ಲೆಕ್ಕಕ್ಕೆ ಬರೆಯುತ್ತದೆ. 48 ಬೈಟ್‌ಗಳ ಜಾಗವನ್ನು ಸಿ ಭಾಷೆಯಲ್ಲೇ ಒಂದು ಸ್ಥಳೀಯ ಸರಣಿಯಾಗಿ ಘೋಷಿಸಿ ಅದರ ವಿಳಾಸವನ್ನು ಅಸೆಂಬ್ಲಿಗೆ ಕೊಡಬೇಕು. ಉಪಕಾರ್ಯದ ಆಜ್ಞೆಗಳನ್ನು ಅಲ್ಲೇ ಬರೆದರೆ ಕರೆಯ 2 ಬೈಟ್ ಕೂಡ ಉಳಿಯುತ್ತದೆ. ಈಗ 212, 48 ಮತ್ತು 6 ಸೇರಿ 266. ಈ ಅಂಕಿ ವರದಿಯಲ್ಲೇ ಬರುತ್ತದೆ. 18 ಬೈಟ್ ಮಾತ್ರ ಖಾಲಿ ಉಳಿದಿರುವುದು ಕಡಿಮೆ ಎನಿಸಿದರೆ, ಫಲಕದ ಮೇಲೆ ತೋರಿಸುವ ಸಂದೇಶಗಳ 160 ಬೈಟ್‌ಗಳನ್ನು ಚಿಪ್‌ನ 32 ಕಿಲೋಬೈಟ್ ಫ್ಲ್ಯಾಶ್ ಸ್ಮೃತಿಗೆ ಸಾಗಿಸಬಹುದು. ಆಗ ಖಾಲಿ ಜಾಗ 178 ಬೈಟ್. ಇಷ್ಟೆಲ್ಲ ಮಾಡಿ ಹೊಸ ಆವೃತ್ತಿಯ ಕಂಪೈಲರ್‌ನಿಂದ ವರದಿ ತೆಗೆದು ನೋಡಿ: ಆ ಫಂಕ್ಷನ್‌ನ ಮುಂದೆ ‘ಇನ್‌ಲೈನ್ ಅಸೆಂಬ್ಲಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ’ ಎಂಬ ಷರಾ ಮಾತ್ರ ಮೊದಲಿನಂತೆಯೇ ಇರುತ್ತದೆ.